ಕಡ್ಡಿ ಅಳತೆಯ ಬೂಟು

ಪಟ್ಟಲಮ್ಮನ ಮಗ ಶಿವಣ್ಣ ಹೊಸ ಬೂಟು ಹಾಕಿಕೊಂಡು ಸೈಕಲ್ ಹತ್ತಿದ ವಾರದಲ್ಲೇ ಕುಂಟತೊಡಗಿದ. ಪೂರಿಗಾಲಿಯಲ್ಲಿ ಬರಿಗಾಲಲ್ಲಿ ನಡೆಯುವವರೆಲ್ಲ ನೆಟ್ಟಗೆ ನಡೆಯುತ್ತಿದ್ದರು, ಬೂಟು ಹಾಕಿದವನೊಬ್ಬ ಕುಂಟುತ್ತಿದ್ದ. ಜಗಲಿಯ ಮೇಲೆ ಕೂತವರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ?

ಅದು ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ನೌಕರಿಯವರಿಗೆಲ್ಲ ಸೈಕಲ್ಲೇ ಗತಿಯಾಗಿತ್ತು. ಶಿವನಸಮುದ್ರದ ಕಡೆಯಿಂದ ಬರುವ ಕರೆಂಟು ಕಂಬಗಳನ್ನು ಸೈಕಲ್ಲಿನಲ್ಲಿ ಸುತ್ತಿ ನೋಡಿಕೊಂಡು ಬರುವ ಹಂಗಾಮಿ ಕೆಲಸ ಶಿವಣ್ಣನಿಗೆ ಸಿಕ್ಕಿತ್ತು. ಸುತ್ತು ತಪ್ಪದಿದ್ದರೆ ಕೆಲಸ ಕಾಯಂ, ತಪ್ಪಿದರೆ ಆ ಜಾಗಕ್ಕೆ ಇನ್ನೊಬ್ಬ. ಆ ಮನೆಯವರು ಸಂಬಳ ಅನ್ನುವ ಮಾತು ಕೇಳಿದ್ದು ಅದೇ ಮೊದಲು. ಪಟ್ಟಲಮ್ಮನಿಗೆ ಮುದ್ದೆ ತೊಳಸುವಾಗಲೂ ಅದೇ ಧ್ಯಾನ.

ಬರಿಗಾಲಲ್ಲಿ ತುಳಿದರೆ ಪೆಡಲಿನ ಕಬ್ಬಿಣ ಅಂಗಾಲು ಒತ್ತುತ್ತದೆ ಎಂದು ಮಗ ಹೇಳಿದಾಗ ಬೂಟು ತರಿಸಿದವಳೂ ಅವಳೇ. ಊರಿನ ಪದ್ಧತಿಯಲ್ಲಿ ಕಾಲು ಅಂಗಡಿಗೆ ಹೋಗುವುದಿಲ್ಲ, ಕಡ್ಡಿ ಹೋಗುತ್ತದೆ. ಮಗ ಇನ್ನೂ ಚಾಪೆಯ ಮೇಲೆ ಮಲಗಿದ್ದಾಗಲೇ ಪೊರಕೆಯ ಕಡ್ಡಿಯನ್ನು ಅವನ ಅಂಗಾಲಿಗೆ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದು, ಮಂಡ್ಯಕ್ಕೆ ಹೊರಟಿದ್ದ ಮೈದುನ ಕೆಂಪಸಿದ್ದಯ್ಯನ ಕೈಗೆ ಕೊಟ್ಟಿದ್ದಳು. ಕಡ್ಡಿ ಬಿಗಿಯಾಗಿ ಕೂರುವಂಥ, ಮುಖ ಕಾಣುವಷ್ಟು ಹೊಳೆಯುವ ಜೋಡಿಯೊಂದನ್ನು ಅವನು ಆರಿಸಿ ತಂದು, ಕಡ್ಡಿಯನ್ನೂ ವಾಪಸು ಕೊಟ್ಟಿದ್ದ.

"ಅವ್ವಾ, ಈ ಬೂಟು ಬಾಳ ಕಚ್ತದೆ" ಅಂದ ಶಿವಣ್ಣ.

"ಕುಣಿಯಾಕ್ ಬರ್ದೋಳು ನೆಲ ಡೊಂಕು ಅಂದ್ಳಂತೆ. ಚರ್ಮ ಕಣ್ಲಾ ಅದು, ಆಕ್ಕೊಂಡ್ ತಿರುಗಿದ್ರೆ ತಾನೇ ಬುಡ್ತದೆ. ಅರಳೆಣ್ಣೆ ಅಚ್ಕೊಡ್ತೀನಿ, ಸುಮ್ಕೆ ಓಗು."

ಹರಳೆಣ್ಣೆ ಕುಡಿದು ಬೂಟು ಇನ್ನಷ್ಟು ಹೊಳೆಯಿತೇ ಹೊರತು ಜಗ್ಗಲಿಲ್ಲ. ಶನಿವಾರ ಮಳವಳ್ಳಿ ದಾರಿಯಲ್ಲಿ ಶಿವಣ್ಣನ ಎಡಗಾಲಿನ ಬೆರಳುಗಳು ಜೋಮು ಹಿಡಿದವು. ಪಾದ ಪೆಡಲಿನ ಮೇಲಿದೆಯೋ ಇಲ್ಲವೋ ತಿಳಿಯದೆ, ಸೈಕಲ್ ಸಮೇತ ಚರಂಡಿಗೆ ಬಿದ್ದ. ಸುತ್ತು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಹೀಗಾದರೆ ಬೇರೆಯವನನ್ನು ಕರೆಯುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದರು.

ಪಟ್ಟಲಮ್ಮ ಇದು ಊರವರ ಕಣ್ಣೇ ಎಂದು ತೀರ್ಮಾನಿಸಿದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಸೈಕಲ್ಲಿಗೆ ದೃಷ್ಟಿ ತೆಗೆಯುತ್ತಿದ್ದಾಗ ಪುಟ್ಟಮಾದಯ್ಯ ಬಂದ. ಅದೇ ಲೈನಿನಲ್ಲಿ ಸೈಕಲ್ ತುಳಿದು ತುಳಿದು ತಲೆ ನರೆತವನು, ಶಿವಣ್ಣನಿಗೆ ಕೆಲಸ ಕಲಿಸುತ್ತಿದ್ದವನು.

"ಏನಕ್ಕ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ತಾ ಇದ್ದೀಯಲ್ಲ?"

"ಎಲ್ರ ಕಣ್ಣೂ ಇದ್ರ ಮ್ಯಾಲೇ ಅದೆ ಕಣಪ್ಪ."

"ನೀನು ಮಗನ ಕಾಲು ನೋಡಿದ್ಯಾ? ಬಿಚ್ಲಾ ಸಿವಣ್ಣ ಬೂಟ."

ಬೂಟು ಕಳಚಿದಾಗ ಕಿರುಬೆರಳಿನ ಗುಳ್ಳೆ ಒಡೆದು ಕೀವಾಗಿತ್ತು. ಬೆರಳುಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಪಟ್ಟಲಮ್ಮನ ಕರುಳು ಚುರುಕ್ಕೆಂದಿತು. ಆದರೆ ಬಾಯಿ ಸುಲಭಕ್ಕೆ ಸೋಲುವಂಥದ್ದಲ್ಲ.

"ನನ್ ಅಳತೆ ತಪ್ಪಿಲ್ಲ. ಕಡ್ಡಿ ಇಲ್ಲೇ ಮಡಗಿವ್ನಿ, ನೋಡು ಬೇಕಾದ್ರೆ."

"ಅದ್ನೂ ತಕ್ಕೊಂಡು ನಾಳೆ ಸಂಜೆ ಮಳವಳ್ಳಿಗೆ ಬಾ, ಬಾಬು ಜಾನ್ ಸಾಬ್ರ ಅಂಗ್ಡಿಗೆ."

"ಬೆಳಿಗ್ಗೆನೇ ಓಗಬಾರ್ದಾ?"

"ದಿನವೆಲ್ಲ ತುಳಿದ ಕಾಲು ಸಂಜೆಗೆ ಊದ್ಕೊಂಡಿರ್ತದೆ ಕಣಕ್ಕ. ಬೆಳಿಗ್ಗೆ ಸರಿಯಾಗಿರೋ ಬೂಟೇ ಸಂಜೆಗೆ ಕಚ್ಚೋದು."

ಬಾಬು ಜಾನ್ ಬೂಟು ಹೊಲಿದು ಮಾರುವವನು. ಅವನೆದುರು ಪಟ್ಟಲಮ್ಮ ಕಡ್ಡಿಯನ್ನು ಬೂಟಿನೊಳಗೆ ಇಳಿಸಿ ತೋರಿಸಿದಳು. "ನೋಡಿ ಸಾಬ್ರೆ, ಕೂದ್ಲೆಳೆಯಷ್ಟೂ ಎಚ್ಚುಕಮ್ಮಿ ಇಲ್ಲ."

"ಅದೇ ತೊಂದ್ರೆ ಕಣಮ್ಮ. ಬೆರಳ ಮುಂದೆ ಕೈಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಬೇಕು. ಆಮೇಲೆ, ಕಡ್ಡಿ ಉದ್ದ ಹೇಳ್ತು, ಅಗಲ ಹೇಳ್ತಾ?"

ಅವನು ನೆಲದ ಮೇಲೆ ಕಾಗದ ಹಾಸಿ ಶಿವಣ್ಣನನ್ನು ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿದ. ಎರಡೂ ಪಾದಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ. ಆ ಗೆರೆಯ ಮೇಲೆ ಹೊಳೆಯುವ ಬೂಟನ್ನು ತಂದಿಟ್ಟ. ಪಾದದ ಗೆರೆ ಬೂಟಿನ ಎರಡೂ ಪಕ್ಕಕ್ಕೆ ಚಾಚಿಕೊಂಡಿತ್ತು. ಎಡಗಾಲು ಬಲಗಾಲಿಗಿಂತ ಕೊಂಚ ದೊಡ್ಡದೂ ಆಗಿತ್ತು.

ಪಟ್ಟಲಮ್ಮ ಆ ಗೆರೆಯ ಮೇಲೆ ಬೆರಳಾಡಿಸಿದಳು. "ಇಷ್ಟು ಕಾಲ್ನ ಇಷ್ಟರೊಳಗೆ ತುರುಕಿಸ್ಬುಟ್ನಾ ನಾನು?" ಎಂದಳು. ಅವಳ ಕಣ್ಣು ತುಂಬಿತು.

ತಪ್ಪು ತಿಳಿದವರು ಇನ್ನೊಂದು ತುದಿಗೆ ಓಡುವುದು ಲೋಕರೂಢಿ. ಕಣ್ಣೊರೆಸಿಕೊಂಡವಳೇ, "ಅಂಗಾರೆ ಎಲ್ಲಕ್ಕಿಂತ ದೊಡ್ಡದ್ನೇ ಕೊಟ್ಬುಡಿ" ಎಂದಳು.

ಬಾಬು ಜಾನ್ ನಕ್ಕುಬಿಟ್ಟ. "ದೊಡ್ಡದಾದ್ರೆ ತುಳಿದಾಗೆಲ್ಲ ಹಿಮ್ಮಡಿ ಮೇಲೆದ್ದು ಅಲ್ಲೂ ಗುಳ್ಳೆ ಬರುತ್ತಮ್ಮ. ಬೆರಳು ಆಡ್ಬೇಕು, ಹಿಮ್ಮಡಿ ಅಲ್ಲಾಡ್ಬಾರ್ದು." ಎಡಗಾಲಿಗೆ ಒಪ್ಪುವ ಅಗಲದ ಜೋಡಿಯನ್ನು ತೆಗೆದು, ಅದರ ಅಡಿಯ ಅಟ್ಟೆಯನ್ನು ಎರಡೂ ಕೈಯಲ್ಲಿ ಬಗ್ಗಿಸಲು ನೋಡಿದ. ಅದು ಅಷ್ಟಾಗಿ ಬಗ್ಗಲಿಲ್ಲ. "ಅಟ್ಟೆ ಮೆತ್ತಗಿದ್ರೆ ಪೆಡಲಿನ ಕಬ್ಬಿಣ ಪಾದಕ್ಕೆ ಒತ್ತುತ್ತೆ" ಎಂದ.

ಗಾಯಕ್ಕೆ ಬಟ್ಟೆ ಕಟ್ಟಿ, ಕಾಲುಚೀಲ ಹಾಕಿಸಿ, ಬೂಟು ತೊಡಿಸಿದ್ದಾಯಿತು. "ದುಡ್ಡು ಕೊಡಾಕ್ ಮುಂಚೆ ಸೈಕಲ್ ಅತ್ಲಾ. ಬೂಟಿನ ಲಾಡಿ ಒಳಕ್ಕೆ ಸಿಗಿಸ್ಕೊ, ಇಲ್ದಿದ್ರೆ ಚೈನು ತಿಂತದೆ" ಎಂದ ಪುಟ್ಟಮಾದಯ್ಯ. ಶಿವಣ್ಣ ಪೇಟೆಬೀದಿಯಲ್ಲಿ ಹೋಗಿ ಬಂದ. ಅವನ ಮುಖ ನೋಡಿಯೇ ಪಟ್ಟಲಮ್ಮನಿಗೆ ಗೊತ್ತಾಯಿತು.

ಹಳೆಯ ಬೂಟು ಕೆಂಪಸಿದ್ದಯ್ಯನ ಸಣಕಲು ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಅವನು ಬೇಡ ಬೇಡ ಎನ್ನುತ್ತಲೇ ಹಾಕಿಕೊಂಡ. ಗಾಯ ಒಣಗುವವರೆಗೆ ಶಿವಣ್ಣನ ಸುತ್ತನ್ನು ಪುಟ್ಟಮಾದಯ್ಯ ತನ್ನದರ ಜೊತೆಗೆ ಹಂಚಿಕೊಂಡ. ಆಮೇಲೆ ಶಿವಣ್ಣ ಒಂದು ದಿನವೂ ಸುತ್ತು ತಪ್ಪಿಸಲಿಲ್ಲ.

ತಿಂಗಳ ಕೊನೆಗೆ ಅವನು ಬಾಗಿಲಲ್ಲೇ ಕೂಗಿದ. "ಅವ್ವಾ, ಕೆಲ್ಸ ಕಾಯಂ ಆಯ್ತು!"

ಪಟ್ಟಲಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಅದಿರ್ಲಿ. ಮೊದ್ಲು ಕಾಲ್ ತೋರ್ಸ್ಲಾ" ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಸೈಕಲ್ ತುಳಿದು ದುಡಿಯುವವರು ಇದ್ದಾರಲ್ಲವೆ? ಬೂಟು ಕೊಳ್ಳುವ ದಿನ ಸಂಜೆಯ ಹೊತ್ತಿಗೆ ಅವರನ್ನೇ ಅಂಗಡಿಗೆ ಕಳಿಸಿ. ನಿಂತು ಅಳತೆ ಕೊಡಲಿ, ಎರಡೂ ಕಾಲಿಗೆ ಹಾಕಿ ನೋಡಲಿ, ಸೈಕಲ್ ಹತ್ತಿ ತುಳಿದು ನೋಡಲಿ. ಹಾಕಿಕೊಂಡರೆ ತಾನೇ ಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಹೇಳಿದವರು ಹೆತ್ತ ತಾಯಿಯೇ ಆಗಿದ್ದರೂ ಸರಿ. ದುಡಿದು ಬಂದವರ ಬೂಟಿನ ಹೊಳಪು ಹೊಗಳುವ ಮೊದಲು ಅವರ ಕಾಲನ್ನು ಒಮ್ಮೆ ನೋಡಿ.