ಕೊನೆಯ ಕೀಯಲ್ಲಿದ್ದ ದನಿ

ಡೆನೀಸ್ ಹಾಡುತ್ತಾಳೆ, ನಾನು ಅವಳ ಹಿಂದೆ ಕೀಬೋರ್ಡ್ ನುಡಿಸುತ್ತಾ ಕಂಬದ ಹಾಗೆ ನಿಂತಿರುತ್ತೇನೆ. ನಲವತ್ತೆರಡು ವರ್ಷದಿಂದ ನಮ್ಮದು ಇಷ್ಟೇ. ಗಂಡ ಹೆಂಡತಿಯಲ್ಲ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ವೇದಿಕೆ ಮೇಲೆ ಮುಖ ಗಂಟಿಕ್ಕಿ ನಿಲ್ಲುವುದೇ ನನ್ನ ವೇಷ, ನಾನೇನಾದರೂ ನಕ್ಕರೆ ಜನಕ್ಕೆ ಬೇಜಾರು. ಹುಡುಗಿಯರಾಗಿದ್ದಾಗ ನಮ್ಮನ್ನು ನೋಡಲು ಬಂದವರು ಈಗ ಮೊಮ್ಮಕ್ಕಳ ಕೈ ಹಿಡಿದು ಬರುತ್ತಾರೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಣಿಯುತ್ತಾರೆ. ಬರುವುದೆಲ್ಲ ಕೊನೆಯ ಹಾಡಿನ ಒಂದು ಮೇಲಿನ ಸ್ವರಕ್ಕೆ. ಅಲ್ಲಿಯವರೆಗೆ ಪ್ರತಿ ಸಾಲನ್ನೂ ನಮ್ಮ ಜೊತೆ ಕಿರುಚುವವರು ಆ ಸ್ವರ ಬಂದಾಗ ಮಾತ್ರ ಬಾಯಿ ಮುಚ್ಚಿ, ಕೈ ಮೇಲೆತ್ತಿ ನಿಲ್ಲುತ್ತಾರೆ. ಈ ಪದ್ಧತಿ ಶುರು ಮಾಡಿದವರ ಮನೆ ಹಾಳಾಗ.

ಮೂರು ವರ್ಷದಿಂದ ಆ ಸ್ವರ ಅವಳಿಗೆ ಎಟುಕುತ್ತಿರಲಿಲ್ಲ. ಇಡೀ ಹಾಡಿನ ಶ್ರುತಿಯನ್ನೇ ಕೆಳಗಿಳಿಸಿ ನಡೆಸುತ್ತಿದ್ದೆವು. ಕಡಲತೀರದ ಊರು ಸ್ಕಾರ್‌ಬರೋದಲ್ಲಿ, ಕಾರ್ಯಕ್ರಮದ ದಿನ ಮಧ್ಯಾಹ್ನ, ಚಿಪ್ಸಿಗೆ ವಿನೆಗರ್ ಸುರಿಯುತ್ತಾ ಅವಳು ಬಾಂಬು ಹಾಕಿದಳು.

"ಇವತ್ತು ಇಳಿಸ್ಬೇಡ ಕಣೋ ಕ್ಲೈವ್. ಮೊದಲಿನ ಶ್ರುತೀಲೇ ಹಾಡ್ತೀನಿ."

"ಗಂಟಲು ಕೈ ಕೊಟ್ರೆ?"

"ಕೊಡ್ಲಿ. ಮುದುಕಿ ದನಿ ಒಡೀತು ಅಂತಾರೆ, ಅಷ್ಟೇ ತಾನೆ? ಆದ್ರೆ ಅದು ನಂದೇ ದನಿ ಆಗಿರ್ಬೇಕು. ನಿನ್ನ ಪೆಟ್ಟಿಗೇಲಿ ಏನಾದ್ರೂ ಕಿತಾಪತಿ ಮಾಡಿದ್ಯೋ, ನಮ್ಮಿಬ್ರ ಋಣ ಅಲ್ಲಿಗೆ ಮುಗೀತು."

"ನಾನ್ಯಾಕೆ ಮಾಡ್ಲಿ," ಅಂದೆ.

ಸುಳ್ಳು. ಒಂದಲ್ಲ ಒಂದು ದಿನ ಅವಳು ಈ ಹಟ ಹಿಡಿಯುತ್ತಾಳೆಂದು ನನಗೆ ಗೊತ್ತಿತ್ತು. ಹಳೆಯ ರೆಕಾರ್ಡಿನಿಂದ ಇಪ್ಪತ್ತೊಂದರ ಡೆನೀಸಳ ಆ ಸ್ವರವನ್ನು ಕತ್ತರಿಸಿ, ಒತ್ತಿದರೆ ಅದೇ ದನಿ ಬರುವಂತೆ ಕೀಬೋರ್ಡಿನ ಕೊನೆಯ ಕೀಗೆ ಕೂರಿಸಿ ಆಗಲೇ ವಾರವಾಗಿತ್ತು. ಅವಳು ನಗೆಪಾಟಲಾಗುವುದನ್ನು ನೋಡುವ ಗುಂಡಿಗೆ ನನಗಿಲ್ಲ.

ಸಂಜೆ ಕೊನೆಯ ಹಾಡು ಬಂತು. ಕೈಗಳು ಮೇಲೆದ್ದವು, ಹಾಲ್ ಗಪ್‌ಚಿಪ್ಪಾಯಿತು. ಅವಳು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಆ ಉಸಿರು ಸಾಲದು ಅನ್ನಿಸಿತು. ಬೆರಳನ್ನು ಕೊನೆಯ ಕೀ ಮೇಲಿಟ್ಟೆ. ಒತ್ತಿಬಿಟ್ಟೆ.

ಸ್ವರ ಹಾಲ್ ತುಂಬಿತು. ಮುಂದಿನ ಸಾಲಿನ ಹೆಂಗಸರು ಅತ್ತರು. ಅವಳು ಹಾಡಿದಳೋ ಇಲ್ಲವೋ ಆ ಸ್ವರದ ಅಬ್ಬರದಲ್ಲಿ ನನಗೇ ತಿಳಿಯಲಿಲ್ಲ.

"ಬಂತು ಕಣೋ. ಕೇಳ್ದ್ಯಾ?" ಕಾರ್ಯಕ್ರಮ ಮುಗಿಸಿ ವೇದಿಕೆಯ ಹಿಂದಿನ ಕೋಣೆಗೆ ಬಂದವಳೇ ನನ್ನ ತೋಳು ಹಿಡಿದು ಅಲುಗಿಸಿದಳು. ಸೌಂಡ್ ನೋಡಿಕೊಳ್ಳುವ ಶೆರಿಲ್‌ಗೆ, "ನನ್ನ ಮೈಕ್ ಒಂದನ್ನೇ ಹಾಕೇ, ಕೇಳ್ಬೇಕು," ಎಂದಳು. ಶೆರಿಲ್‌ಳ ಯಂತ್ರದಲ್ಲಿ ಅವಳ ಮೈಕ್, ನನ್ನ ಕೀಬೋರ್ಡ್ ಎಲ್ಲವೂ ಬೇರೆ ಬೇರೆಯಾಗಿ ದಾಖಲಾಗುತ್ತವೆ.

"ನಾಳೆ ಕೇಳಿದ್ರಾಯ್ತು ಬಿಡೇ, ಟೀ ಆರೋಗುತ್ತೆ," ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಮೈಕಿನಲ್ಲಿ ಸ್ವರ ಇತ್ತು. ಅಂಚಿನಲ್ಲಿ ಸ್ವಲ್ಪ ನಡುಕ, ಸ್ವಲ್ಪ ಒಡಕು, ಆದರೆ ಪೂರ್ತಿ ಅವಳದೇ. ನನಗೆ ಅಳು ಬಂತು. ಅಷ್ಟರಲ್ಲಿ ಶೆರಿಲ್, "ಇದೇನು, ಕ್ಲೈವ್ ಕೀಬೋರ್ಡಲ್ಲೂ ಒಂದು ದನಿ ಇದೆ?" ಅಂತ ಅದನ್ನೂ ಹಾಕಿದಳು.

ಇಪ್ಪತ್ತೊಂದರ ಡೆನೀಸ್ ಹಾಡಿದಳು. ಅರವತ್ಮೂರರವಳು ಕೊನೆತನಕ ಕೇಳಿದಳು.

"ಹೆದರ್ಕೊಂಡೆ ಕಣೇ," ಅಂದೆ.

"ಅವ್ರು ಅತ್ತಿದ್ದು ನನಗೋ, ಅವಳಿಗೋ?"

"ಗೊತ್ತಿಲ್ಲ."

"ನಂಗೂ ಇನ್ನು ಗೊತ್ತಾಗಲ್ಲ," ಎಂದು ಕೋಟು ತೊಟ್ಟುಕೊಂಡು ಶೆರಿಲ್‌ಳ ವ್ಯಾನ್ ಹತ್ತಿದಳು. ಬಂದಿದ್ದು ನನ್ನ ಕಾರಿನಲ್ಲಿ.