ಹೂಂ ಅಂದ್ರ ಕಬೂಲಲ್ಲ

ಯಾರಾದರೂ 'ಹೂಂ' ಎಂದರೆ ದಸ್ತಗೀರ್‌ಸಾಬರ ಹುಬ್ಬು ಗಂಟಾಗುತ್ತಿತ್ತು. ಮಸ್ಕಿಯ ಬಸ್‌ನಿಲ್ದಾಣದ ಎದುರು ಚಹಾ ಮಾರುವ ಮೌಲಾಸಾಬನಿಗೆ "ಸಕ್ಕರಿ ಕಮ್ಮಿ ಹಾಕು" ಎಂದು ಇವರು ಹೇಳುವುದು, ಅವನು ಒಲೆಯಿಂದ ಮುಖ ತಿರುಗಿಸದೆ "ಹೂನ್ರೀ" ಎನ್ನುವುದು, ಇವರು ಕೂಡಲೇ "ಹೂಂ ಅಂದ್ರ? ಕೇಳಿಸ್ತು ಅಂತನೋ, ಕಮ್ಮಿ ಹಾಕ್ತೀನಿ ಅಂತನೋ?" ಎಂದು ಪಾಟೀಸವಾಲಿಗೆ ಇಳಿಯುವುದು, ಇದು ದಿನಕ್ಕೆರಡು ಬಾರಿ ತಪ್ಪದೆ ನಡೆಯುತ್ತಿದ್ದ ವಿಚಾರಣೆ. ಮಾತುಮಾತಿಗೆ 'ಅಂದ್ರ?' ಎನ್ನುವ ಈ ಚಾಳಿಯಿಂದಾಗಿ ಊರ ಮಂದಿ ಅವರಿಗೆ 'ಅಂದ್ರಸಾಬ್' ಎಂದೇ ಹೆಸರಿಟ್ಟಿದ್ದರು. ಕಾಲುವೆಯ ನೀರನ್ನು ಬೆನ್ನುಹತ್ತಿ ಗಡಿಯಾಚೆಯಿಂದ ಬಂದು ನೆಲೆಸಿದ ಭತ್ತದ ರೈತರು ಆ ಹೆಸರನ್ನು ಕೇಳಿ, ಈತನೂ ನಮ್ಮ ಆಂಧ್ರದವನೇ ಇರಬೇಕೆಂದು ಬಗೆದು, ತೆಲುಗಿನಲ್ಲಿ ಕುಶಲ ವಿಚಾರಿಸುತ್ತಿದ್ದರು. ಅವರಿಗೂ ಸಾಬರ ಉತ್ತರ ಅದೇ ಒಂದು ಶಬ್ದವಾಗಿರುತ್ತಿತ್ತು.

ಅವರ ತಂಗಿಯ ಮಗಳ ನಿಕಾಹದ ಕಥೆಯಂತೂ ಲಿಂಗಸುಗೂರಿನ ಬಂಧುವರ್ಗದಲ್ಲಿ ಇಂದಿಗೂ ನಗೆ, ಸಿಟ್ಟು ಎರಡನ್ನೂ ಹುಟ್ಟಿಸುತ್ತದೆ. ಪರದೆಯ ಹಿಂದಿನ ಹುಡುಗಿ ನಾಚಿಕೊಂಡು 'ಹೂಂ' ಎಂದದ್ದನ್ನೇ ಸಮ್ಮತಿಯೆಂದು ಹಿರಿಯರು ಸಾರಲು ಹೊರಟಾಗ, ಸಾಕ್ಷಿಯಾಗಿದ್ದ ಈ ಸೋದರಮಾವ "ಹೂಂ ಅಂದ್ರ ಕಬೂಲಲ್ಲ, ಬಾಯಿಬಿಟ್ಟು ಹೇಳಲಿ" ಎಂದು ಪಟ್ಟು ಹಿಡಿದರಂತೆ. ಇತ್ತ ಬಿರಿಯಾನಿ ಆರುತ್ತಿತ್ತು, ಅತ್ತ ಬೀಗರ ಮುಖ ಕಾಯುತ್ತಿತ್ತು. ಕೊನೆಗೆ ಹುಡುಗಿಯೇ ರೋಸಿಹೋಗಿ, ಅಂಗಳಕ್ಕೆಲ್ಲ ಕೇಳುವಂತೆ ಮೂರು ಸಲ ಕಬೂಲೆಂದು ಕೂಗಿದಳು. ಮದುವೆಯೇನೋ ಮುಗಿಯಿತು, ಬೀಗರು ಮಾತ್ರ ಎರಡು ವರ್ಷ ಅವರೊಂದಿಗೆ ಮಾತು ಬಿಟ್ಟರು.

ಅವರು ವಕೀಲರಲ್ಲ, ನ್ಯಾಯಾಧೀಶರಂತೂ ಅಲ್ಲವೇ ಅಲ್ಲ. ಜಿಲ್ಲೆಯ ನಾಲ್ಕಾರು ಕೋರ್ಟುಗಳಲ್ಲಿ ಮೂವತ್ತನಾಲ್ಕು ವರ್ಷ ಪೇಶ್ಕಾರರಾಗಿ, ಎಂದರೆ ನ್ಯಾಯಪೀಠದ ಕೆಳಗಿನ ಮೇಜಿನಲ್ಲಿ ಕುಳಿತು, ಕೇಸು ಕೂಗಿಸಿ, ಸಾಹೇಬರ ಅಪ್ಪಣೆಯನ್ನೂ ಆರೋಪಿಯ ಮಾತನ್ನೂ ಕಾಗದಕ್ಕಿಳಿಸುವ ಗುಮಾಸ್ತರಾಗಿ ದುಡಿದು, ಎಂಬತ್ತೈದನೆಯ ಇಸವಿಯಲ್ಲಿ ನಿವೃತ್ತರಾದವರು. ನಿವೃತ್ತಿಯ ನಂತರವೂ ಕಪ್ಪು ಕೋಟು ಮೈಬಿಡಲಿಲ್ಲ. ಅದರ ಕಾಲರು ಬಿಸಿಲಿಗೆ ಕಂದಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎರಡೂ ಕಿಸೆಗಳ ಬಾಯನ್ನು ದರ್ಜಿಯ ಕೈಯಿಂದ ಹೊಲಿಸಿಬಿಟ್ಟಿದ್ದರು. ಏಕೆಂದು ಕೇಳಿದರೆ "ಬಾಯಿ ತೆರೆದ ಕಿಸೆ ಕಂಡ್ರ ಮಂದಿ ಕೈ ರೊಕ್ಕ ಹಿಡ್ಕೊಂಡು ತಾನ ಬರ್ತೈತ್ರಿ" ಎನ್ನುತ್ತಿದ್ದರು. ಎಡಗೈಯನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು, ಇಲ್ಲದ ಕಡತವೊಂದು ಜಾರಿಬೀಳದಂತೆ ಕಾಪಾಡುವವರ ಹಾಗೆ, ತುಸು ವಾಲಿ ನಡೆಯುತ್ತಿದ್ದರು. ದೂರದಿಂದ ಆ ವಾಲಿಕೆ ಕಂಡರೆ ಸಾಕು, ನಾನು ಕೈಯಲ್ಲಿದ್ದ ಸಿಗರೇಟು ಎಸೆದು ಷರಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದೆ.

ಇಂಥ ಮನುಷ್ಯ ನಿವೃತ್ತಿಯ ಮರುವರ್ಷ ವಕೀಲರಿಗೇ ಪಾಠ ಹೇಳಲು ಹೊರಟರು. ಸಿಂಧನೂರಿನವರಿಗೂ ಲಿಂಗಸುಗೂರಿನವರಿಗೂ ನಡುದಾರಿಯಾಗಲೆಂದು ಮಸ್ಕಿಯ ಶಾಲೆಯೊಂದರ ಕೋಣೆಯನ್ನು ಹೆಡ್‌ಮಾಸ್ತರರ ಕೈಕಾಲು ಹಿಡಿದು ಪಡೆದು, ಕಾನೂನು ಓದಿ ಮುಗಿಸಿದೆವೆಂದು ನೆಮ್ಮದಿಯಾಗಿದ್ದವರನ್ನು ತಿಂಗಳ ಮೊದಲ ಭಾನುವಾರ ಮತ್ತೆ ಬೆಂಚಿನ ಮೇಲೆ ಕೂಡಿಸಿದರು. ನಾನಾಗ ಸಿಂಧನೂರಿನಲ್ಲಿ ಕೋಟಿನ ಮಡಿಕೆ ಇನ್ನೂ ಮುರಿಯದ ಹೊಸ ವಕೀಲ. "ಪೇಶ್ಕಾರನ ಕೈಯಾಗ ಅಕ್ಷರಾಭ್ಯಾಸ ಮಾಡಿಸ್ಕೊಳ್ಳಾಕ ಹೊಂಟೀರೇನು?" ಎಂದು ಹಿರಿಯ ವಕೀಲರು ಹಂಗಿಸುತ್ತಿದ್ದರು, ಆ ಮೂದಲಿಕೆಗೆ ಬಹಳಷ್ಟು ಜನ ಜಾರಿಕೊಂಡು ಏಳು ಮಂದಿ ಉಳಿದೆವು. ನಮ್ಮ ಜೊತೆಗೆ, ಹೆಂಗಸರ ಮತ್ತು ಮಕ್ಕಳ ಕಲ್ಯಾಣದ ಕೆಲಸದಲ್ಲಿದ್ದ ಸೂಗಮ್ಮನೂ ಸೇರಿ ಮೂವರು ಸಮಾಜ ಕಾರ್ಯಕರ್ತರು. ಜೈಲಿನ ಸುಧಾರಣೆ, ಜಾಮೀನಿನ ಸುಧಾರಣೆ ಎಂದು ದೊಡ್ಡ ಊರುಗಳಲ್ಲಿ ಹಾರ ತುರಾಯಿಗಳೊಂದಿಗೆ ವಿಚಾರ ಸಂಕಿರಣಗಳು ನಡೆಯುತ್ತಿದ್ದ ಕಾಲ ಅದು. ನಮ್ಮ ಸಾಬರ ಸುಧಾರಣೆ ಒಂದೇ ಅಕ್ಷರದ್ದಾಗಿತ್ತು.

ಅವರ ಪಾಠದ ಕ್ರಮವೂ ವಿಚಿತ್ರ. ಕೋಣೆಯ ಮೂಲೆಯನ್ನು ಕಟಕಟೆಯೆಂದು ಕರೆದು, ನಮ್ಮಲ್ಲೊಬ್ಬರನ್ನು ಅಲ್ಲಿ ನಿಲ್ಲಿಸಿ, "ಸದರಿ ದಿನಾಂಕದಂದು ಮೇಲ್ಕಾಣಿಸಿದ ಸ್ಥಳದಲ್ಲಿ ನೀನು ಅಪ್ರಾಮಾಣಿಕ ಉದ್ದೇಶದಿಂದ" ಎಂದು ಉಸಿರು ಬಿಡದೆ ಅರ್ಧ ಪುಟ ಓದಿ, ಥಟ್ಟನೆ ನಿಲ್ಲಿಸಿ, ಕನ್ನಡಕದ ಮೇಲಿನಿಂದ ಮುಖವನ್ನೇ ನೋಡುತ್ತಿದ್ದರು. ಕಾನೂನು ಓದಿದ ನಮ್ಮ ಬಾಯಿಂದಲೂ ಆ ಕ್ಷಣಕ್ಕೆ ಹೊರಡುತ್ತಿದ್ದುದು 'ಹೂಂ' ಎಂಬುದೇ. "ಬಿತ್ತು ನೋಡ್ರಿ ಮೂರು ತಿಂಗಳ ಸಜಾ!" ಎಂದು ಮೇಜು ಕುಟ್ಟುತ್ತಿದ್ದರು. "ನಮ್ಮ ಮಂದಿ ಹೂಂ ಅಂದ್ರ ಇಲ್ಲೇ ಅದೀನಿ ಅಂತ, ಕೇಳಾಕತ್ತೀನಿ ಅಂತ, ನೀವು ದೊಡ್ಡವರು ಅಂತ. ಕಥಿ ಕೇಳೋರು ಹೂಂಗುಡ್ತಾರ. ಹಂಗಂತ ಕಥ್ಯಾಗಿನ ಖೂನಿ ಅವರ ಮಾಡಿದಂಗಾತೇನ್ರಿ?" ಎಂದು ಕೇಳುತ್ತಿದ್ದರು. ಆಮೇಲೆ ಇನ್ನೂರ ಐವತ್ತೆರಡನೆಯ ಕಲಮನ್ನು ನಮ್ಮಿಂದ ಮಗ್ಗಿಯಂತೆ ಹೇಳಿಸುವುದು: ಆರೋಪಿ ತಪ್ಪೊಪ್ಪಿಕೊಂಡರೆ ಅದನ್ನು ಸಾಧ್ಯವಾದಷ್ಟೂ ಅವನ ಬಾಯಿಂದ ಬಂದ ಮಾತಿನಲ್ಲೇ ಬರೆದುಕೊಳ್ಳತಕ್ಕದ್ದು. ಒಮ್ಮೆ ಪಾಠ ಮುಗಿದ ಮೇಲೆ ನಮ್ಮನ್ನು ಊರ ಗುಡ್ಡದ ಅಶೋಕನ ಶಾಸನದವರೆಗೂ ನಡೆಸಿಕೊಂಡು ಹೋಗಿ, ಬಂಡೆಯ ಮುಂದೆ ನಿಂತು, "ಇದನ್ನ ಕೆತ್ತಿದವ ರಾಜ ಅಲ್ರಿ, ನಮ್ಮಂಥ ಪೇಶ್ಕಾರ. ಅವ ತಪ್ಪು ಕೆತ್ತಿದ್ದಿದ್ರ ಇವತ್ತಿಗೂ ತಪ್ಪ ಇರ್ತಿತ್ತು" ಎಂದರು. ಬಿಸಿಲು ಏರಿತ್ತು, ನಮಗೆ ಹಸಿವಾಗಿತ್ತು, ಯಾರೂ ಆ ಮಾತಿಗೆ ಹೆಚ್ಚು ಗಮನ ಕೊಡಲಿಲ್ಲ.

ಈ ಹಟದ ಬೇರು ಎಲ್ಲಿದೆ ಎಂಬುದನ್ನು ಅವರು ಹೇಳಿದ್ದು ಒಂದೇ ಸಲ, ಅದೂ ಸೂಗಮ್ಮ ನೇರವಾಗಿ ಕೇಳಿದ್ದರಿಂದ. ಎಪ್ಪತ್ತೊಂದರ ಮಾತು. ಯಾವ ಕೋರ್ಟೆಂದು ಅವರು ಹೇಳಲಿಲ್ಲ, ನಾನೂ ಊಹಿಸುವುದಿಲ್ಲ. ಮುದಗಲ್ ಕಡೆಯ ದುರುಗಪ್ಪ ಎಂಬ ಕುರಿ ಕಾಯುವವನನ್ನು ಹೊಡೆದಾಟದ ಆಪಾದನೆಯ ಮೇಲೆ ತಂದು ನಿಲ್ಲಿಸಿದ್ದರು. ಆಪಾದನೆ ಓದಲಾಯಿತು, ಅವನು 'ಹೂನ್ರೀ' ಎಂದ, ಪೇಶ್ಕಾರರಾಗಿದ್ದ ಇವರು ದುಂಡಗಿನ ಅಕ್ಷರದಲ್ಲಿ 'ಆರೋಪಿಯು ತನ್ನ ತಪ್ಪನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾನೆ' ಎಂದು ಬರೆದರು. ಮೂರು ತಿಂಗಳ ಶಿಕ್ಷೆಯಾಯಿತು. ಶಿಕ್ಷೆ ಮುಗಿದ ಮರುವಾರ ದುರುಗಪ್ಪ ಇಬ್ಬರನ್ನು ಕರೆದುಕೊಂಡು ಪೇಶ್ಕಾರರ ಕಿಟಕಿಗೆ ಬಂದು ಕೈಮುಗಿದನಂತೆ. "ಸಾಹೇಬ್ರ, ನನ್ನ ಕೇಸು ಯಾವಾಗ ಸುರು ಆಗ್ತೈತ್ರಿ? ಸಾಕ್ಷಿ ಹೇಳೋರನ್ನ ಕರ್ಕೊಂಡು ಬಂದೀನ್ರಿ."

ಜೈಲೆಂದರೆ ಕೇಸು ಶುರುವಾಗುವವರೆಗೆ ಕಾಯುವ ಜಾಗವೆಂದು ಆ ಮನುಷ್ಯ ತಿಳಿದಿದ್ದ. ಕೇಸು ಮುಗಿದುಹೋಗಿದೆ, ನೀನೇ ತಪ್ಪೊಪ್ಪಿಕೊಂಡಿದ್ದೀಯೆ ಎಂದು ಇವರು ವಿವರಿಸಿದರು. ಅವನು ಎಲ್ಲವನ್ನೂ ಕೇಳಿ, 'ಹೂನ್ರೀ' ಎಂದು, ಸಾಕ್ಷಿಗಳನ್ನು ಕರೆದುಕೊಂಡು ಹೊರಟುಹೋದ. "ಆ ಹೂಂ ಏನಿತ್ತು ಅಂತ ನನಗ ಇಪ್ಪತ್ತು ವರ್ಷ ಆತು ತಿಳಿವಲ್ದು ತಂಗಿ. ಮಾಫ್ ಮಾಡಿದ್ನೋ, ಬರೇ ಕೇಳಿಸ್ಕೊಂಡ್ನೋ" ಎಂದು ಸಾಬರು ಸೂಗಮ್ಮನಿಗೆ ಹೇಳಿ, ಕನ್ನಡಕ ತೆಗೆದು ಒರೆಸತೊಡಗಿದರು. ಆ ಭಾನುವಾರ ಹನ್ನೊಂದಕ್ಕೇ ಪಾಠ ಮುಗಿಯಿತು.

ಇಷ್ಟೆಲ್ಲ ಕೇಳಿದ ಮೇಲೂ ನಾನು ಮಾಡಿದ್ದನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ತೊಂಬತ್ತೊಂದರ ಜನವರಿಯಲ್ಲಿ, ದಢೇಸುಗೂರಿನ ಯಮನೂರಮ್ಮ ಎಂಬ ಕೂಲಿ ಹೆಂಗಸಿನ ಮೇಲೆ ಭತ್ತ ಕದ್ದ ಆಪಾದನೆ ಬಂದು, ಉಚಿತ ನೆರವಿನ ವಕೀಲನೆಂದು ಕೇಸು ನನ್ನ ಪಾಲಿಗೆ ಬಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿ ಉಳಿದ ತೆನೆಗಳನ್ನು ನಮ್ಮಲ್ಲಿ ಹಕ್ಕಲು ಎನ್ನುತ್ತಾರೆ; ಕೊಯ್ದವರು ಅದನ್ನು ಆರಿಸಿಕೊಂಡು ಹೋಗುವುದು ಎಲ್ಲಿಯೂ ಬರೆದಿಡದ, ಆದರೆ ಯಾರೂ ಬೇಡವೆನ್ನದ ರೂಢಿ. ಆ ವರ್ಷ ಹೊಲವನ್ನು ಹೊಸದಾಗಿ ಗುತ್ತಿಗೆ ಹಿಡಿದಾತನಿಗೆ ಈ ರೂಢಿ ಗೊತ್ತಿರಲಿಲ್ಲ, ಕೇಳಿ ತಿಳಿಯುವ ತಾಳ್ಮೆಯೂ ಇರಲಿಲ್ಲ. ಕಾಲು ಚೀಲ ಭತ್ತದ ಮೇಲೆ ಪಂಚನಾಮೆ ನಡೆದು ಯಮನೂರಮ್ಮ ಕಳ್ಳಿಯಾದಳು.

ನನಗೆ ಅಂದು ಬೇರೆ ಎರಡು ದೊಡ್ಡ ಕೇಸುಗಳಿದ್ದವು. ಹಿಂದಿನ ದಿನವೇ ಅವಳನ್ನು ಕರೆಸಿ, ನಿಂತ ನಿಲುವಿನಲ್ಲೇ ಉಪದೇಶ ಮಾಡಿದ್ದೆ: "ಸಾಹೇಬ್ರು ಕೇಳಿದ್ರ ಹೂಂ ಅಂದುಬಿಡು. ಚೂರು ದಂಡ ಹಾಕ್ತಾರ, ಮಧ್ಯಾಹ್ನದ ಬಸ್ಸಿಗೆ ಊರು ಸೇರ್ತೀ." ಅವಳು "ಹೂನ್ರೀ" ಎಂದಳು, ನಾನು ಮುಂದಿನ ಕಡತ ಬಿಚ್ಚಿದೆ. ಅವಳ ಹೆಸರು ಊರಿನ ಅಂಗನವಾಡಿಯ ಸಹಾಯಕಿಯ ಕೆಲಸಕ್ಕೆ ಆಯ್ಕೆಯಾಗಿದೆ, ಕಳವಿನ ಶಿಕ್ಷೆಯ ಒಂದು ಸಾಲು ಬಿದ್ದರೆ ಆ ಕೆಲಸ ಜನ್ಮದಲ್ಲಿ ಅವಳಿಗೆ ದಕ್ಕುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಗೊತ್ತಿದ್ದವಳು ಸೂಗಮ್ಮ. ಅವಳಿಗೂ ಕೇಸಿನ ಸುದ್ದಿ ಮುಟ್ಟಿದ್ದು ವಿಚಾರಣೆಯ ದಿನ ಬೆಳಿಗ್ಗೆ, ಮಸ್ಕಿಯಲ್ಲಿ. ಲಿಂಗಸುಗೂರಿನ ಕಚೇರಿಗೆ ಹಾಜರಾಗಲೇಬೇಕಿದ್ದ ಅವಳು ಬಸ್‌ನಿಲ್ದಾಣದಲ್ಲಿ ದಸ್ತಗೀರ್‌ಸಾಬರನ್ನು ಕಂಡು, ಸಂಗತಿಯನ್ನೆಲ್ಲ ತಿಳಿಸಿ, "ಸಾಹೇಬ್ರ, ನಮ್ಮ ವಕೀಲ್ರ ಆಕಿಗೆ ಹೂಂ ಅನ್ನಾಕ ಹೇಳ್ಯಾರಂತ್ರೀ" ಎಂದಳಂತೆ. ಸಾಬರು ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು, ಹೊರಡುತ್ತಿದ್ದ ಸಿಂಧನೂರಿನ ಬಸ್ಸನ್ನು ಕೈ ಅಡ್ಡಹಿಡಿದು ನಿಲ್ಲಿಸಿ ಹತ್ತಿದರು.

ಅವರು ಕೋರ್ಟಿನ ಬಾಗಿಲಿಗೆ ಬಂದಾಗ ಕೇಸು ಕೂಗಿಯಾಗಿತ್ತು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಒಳ್ಳೆಯವರೇ, ಆದರೆ ಅಂದು ಮೇಜಿನ ಮೇಲೆ ನಲವತ್ತು ಕಡತಗಳಿದ್ದವು. ಅವರು ಆಪಾದನೆ ಓದಿ, "ತಪ್ಪು ಒಪ್ಕೋತೀಯೇನಮ್ಮ?" ಎಂದರು. ಯಮನೂರಮ್ಮ ನನ್ನ ಕಡೆ ನೋಡಿದಳು. ನಾನು ಕುಳಿತಲ್ಲಿಂದಲೇ ತಲೆಯಾಡಿಸಿದೆ. "ಹೂನ್ರೀ" ಎಂದಳು.

ಪೇಶ್ಕಾರನ ಲೇಖನಿ ಕಾಗದಕ್ಕೆ ತಾಗುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು. ತಿರುಗಿ ನೋಡಿದೆ. ಎಡಗೈ ಪಕ್ಕೆಗೊತ್ತಿದ ಆ ಕಪ್ಪು ಕೋಟು. ಮೂವತ್ತನಾಲ್ಕು ವರ್ಷ ಕೋರ್ಟಿನ ಶಿಸ್ತನ್ನೇ ಉಸಿರಾಡಿದ ಮನುಷ್ಯ, ಪೀಠದ ಮುಂದೆ ಕಾರಣವಿಲ್ಲದೆ ನಿಲ್ಲುವುದೂ ಅಪರಾಧವೆಂದು ನಮಗೆ ಕಲಿಸಿದವರು, ಮಾತಿಲ್ಲದೆ ಸುಮ್ಮನೆ ನಿಂತಿದ್ದರು.

"ಯಾರ್ರೀ ಅದು? ಕೂತ್ಕೊಳ್ಳಿ" ಎಂದರು ಮ್ಯಾಜಿಸ್ಟ್ರೇಟರು. ಸಾಬರು ಕದಲಲಿಲ್ಲ. ಪೊಲೀಸಿನವನೊಬ್ಬ ಅವರ ಕಡೆ ನಡೆದು ತೋಳಿನ ಮೇಲೆ ಕೈಯಿಟ್ಟ. "ನ್ಯಾಯಾಲಯಕ್ಕೆ ಅಡ್ಡಿ ಮಾಡಿದರೆ ಏನಾಗುತ್ತೆ ಗೊತ್ತೇನ್ರೀ? ಹೇಳೋದಿದ್ದರೆ ಹೇಳಿ."

"ನಾ ಏನೂ ಹೇಳಾಂಗಿಲ್ರಿ ಸಾಹೇಬ್ರ" ಎಂದರು ದಸ್ತಗೀರ್‌ಸಾಬರು. "ನನಗ ಹಕ್ಕಿಲ್ಲ. ಹಕ್ಕಿದ್ದವರು ಕುಂತಾರ."

ಆ ಕೋಣೆಯಲ್ಲಿ ಹಕ್ಕಿದ್ದೂ ಕುಳಿತಿದ್ದವನು ಯಾರೆಂಬುದು ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವಮಾನವೆಂದರೆ ಏನೆಂದು ನಾನು ಅರಿತದ್ದು ಆಗಲೇ. ಎದ್ದು ನಿಂತೆ. ಆಕೆಯ ಮಾತನ್ನು ಆಕೆಯ ಶಬ್ದಗಳಲ್ಲೇ ಬರೆದುಕೊಳ್ಳಬೇಕೆಂದು, ಇನ್ನೂರ ಐವತ್ತೆರಡನೆಯ ಕಲಮು ಹಾಗೆನ್ನುತ್ತದೆಂದು ತೊದಲಿದೆ. ಮ್ಯಾಜಿಸ್ಟ್ರೇಟರ ಮುಖ ಕೆಂಪಾಯಿತು. "ತಪ್ಪೊಪ್ಪಿಗೆ ಕೇಸು ಅಂತ ಬೆಳಿಗ್ಗೆ ಹೇಳಿದ್ದು ನೀವೇ ಅಲ್ಲವೇನ್ರೀ?"

"ಹೌದು ಸ್ವಾಮಿ. ಹೂಂ ಅನ್ನು ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ. ತಪ್ಪು ನನ್ನದು."

ಆ ದಿನ ಆ ಕೋರ್ಟಿನಲ್ಲಿ ಬಾಯಿಬಿಟ್ಟು ತಪ್ಪೊಪ್ಪಿಕೊಂಡವನು ನಾನೊಬ್ಬನೇ. ಮ್ಯಾಜಿಸ್ಟ್ರೇಟರು ನನ್ನನ್ನು, ಆಮೇಲೆ ಹಿಂದೆ ನಿಂತವರನ್ನು ನೋಡಿದರು. ಕೊನೆಗೆ ಲೇಖನಿ ಕೆಳಗಿಟ್ಟು ಯಮನೂರಮ್ಮನ ಕಡೆ ತಿರುಗಿ, "ನೀನು ಭತ್ತ ಕದ್ದೆಯೇನಮ್ಮ? ನಿನ್ನ ಮಾತಲ್ಲಿ ಹೇಳು" ಎಂದರು.

"ಕದಿಯೋದ್ರಿ?" ಅವಳು ಬೆಚ್ಚಿದಳು. "ಯಪ್ಪಾ, ನಾ ಯಾಕ ಕದೀಲ್ರಿ? ಹಕ್ಕಲಾ ಆರಿಸೀನ್ರಿ. ನಮ್ಮವ್ವನೂ ಅದ ಹೊಲದಾಗ ಆರಿಸ್ಯಾಳ್ರಿ. ವಕೀಲ್ರು ಹೂಂ ಅನ್ನಂದ್ರು, ಅಂದೀನ್ರಿ."

"ಹಕ್ಕಲು ಅಂದರೇನು?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನಾನು ವಿವರಿಸಿದೆ. ಅವರು ಪೇಶ್ಕಾರನಿಗೆ ಬರೆಯಲು ಹೇಳಲಿಲ್ಲ, ಕಡತವನ್ನು ತಾವೇ ಎಳೆದುಕೊಂಡು, ಅವಳ ಮಾತನ್ನು ಒಂದೊಂದಾಗಿ ಕೇಳಿ ಕೇಳಿ ಬರೆದುಕೊಂಡು, ಸಾಕ್ಷಿಗಳಿಗೆ ತಾರೀಖು ಕೊಟ್ಟರು. ನಾಲ್ಕು ತಿಂಗಳ ನಂತರ, ಊರಿನ ಇಬ್ಬರು ಮುದುಕಿಯರು ಬಂದು ರೂಢಿಯನ್ನು ಹೇಳಿದ ಮೇಲೆ, ಯಮನೂರಮ್ಮ ನಿರ್ದೋಷಿಯೆಂದು ತೀರ್ಪಾಯಿತು. ಅದರ ಪ್ರತಿ ಹಿಡಿದು ಸೂಗಮ್ಮ ಕಚೇರಿಯಿಂದ ಕಚೇರಿಗೆ ಅಲೆದು ಆ ಕೆಲಸವನ್ನು ಅವಳಿಗೆ ಉಳಿಸಿಕೊಟ್ಟಳು. ಸಾಬರು ನನ್ನನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಮುಂದಿನ ಭಾನುವಾರದ ಪಾಠದಲ್ಲಿ ನನ್ನನ್ನು ಮೂಲೆಯ ಕಟಕಟೆಯಲ್ಲಿ ನಿಲ್ಲಿಸಿ, ನಡೆದದ್ದನ್ನೆಲ್ಲ ಒಂದು ಮಾತೂ ಬಿಡದಂತೆ ಎಲ್ಲರೆದುರು ಹೇಳಿಸಿದರು.

ದೊಡ್ಡವರ ಮೇಜಿನ ಕೆಳಗೆ ಇನ್ನೊಂದು ಮೇಜು ಹಾಕಿಕೊಂಡು, ಅನ್ಯರ ಮಾತನ್ನು ಬರೆಯುತ್ತಲೇ ಆಯುಷ್ಯ ಸವೆಸುವ ಒಂದು ಕುಲವೇ ನಮ್ಮ ನಾಡಿನಲ್ಲಿದೆ. ಅವರಲ್ಲಿ ಬಹುಪಾಲು ಜನ ಬರೆದದ್ದನ್ನು ಅಲ್ಲಲ್ಲೇ ಮರೆತು, ಹಾರ ಹಾಕಿಸಿಕೊಂಡು ನಿವೃತ್ತರಾಗಿ, ಸುಖವಾಗಿ ಮೊಮ್ಮಕ್ಕಳನ್ನು ಆಡಿಸುತ್ತಾರೆ. ಅದು ತಪ್ಪೆಂದು ಹೇಳಲು ನಾನು ಯಾರು? ಎಲ್ಲೋ ಒಬ್ಬನಿಗೆ ಮಾತ್ರ ತನ್ನ ಕೈಬರಹವೇ ತನ್ನ ಮೇಲೆ ಸಾಕ್ಷಿ ಹೇಳುತ್ತದೆ, ಅವನ ನಿದ್ದೆ ಕೆಡುತ್ತದೆ, ಅವನು ನಮ್ಮ ನಿದ್ದೆಯನ್ನೂ ಕೆಡಿಸುತ್ತಾನೆ. ಅಂಥವನಿಗೆ ಹುದ್ದೆಯಿರುವುದಿಲ್ಲ, ವಕೀಲಿ ಮಾಡುವ ಸನದು ಇರುವುದಿಲ್ಲ, ಬಾಯಿ ತೆರೆಯುವ ಅಧಿಕಾರವೂ ಇರುವುದಿಲ್ಲ. ಅವನಿಂದ ಆಗುವುದು ಇಷ್ಟೇ: ಹಕ್ಕಿರುವವನು ಏಳುವವರೆಗೆ ಅವನು ಕುಳಿತುಕೊಳ್ಳುವುದಿಲ್ಲ.