ಅಗೆಯದೆ ನಿಂತ ತೋಳು

ನಾನು ಒಂದು ಅಗೆಯುವ ತೋಳು. ಸಣ್ಣ ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಕಬ್ಬಿಣದ ತೋಳು. ತುದಿಯಲ್ಲಿ ನಾಲ್ಕು ಹಲ್ಲಿನ ಬಕೆಟ್, ಬುಡದಲ್ಲಿ ಒಂದು ಸೀಟು, ಸೀಟಿನ ಮುಂದೆ ಆರು ಲಿವರ್, ಕೆಳಗೆ ನೆಲಕ್ಕೆ ಊರಲು ಎರಡು ಕಾಲು. ಊರಿನವರು ನನ್ನನ್ನು ಮರಿ ಜೆಸಿಬಿ ಎನ್ನುತ್ತಿದ್ದರು. ದೊಡ್ಡ ಯಂತ್ರಗಳಿಗೆ ತಮ್ಮದೇ ಇಂಜಿನ್ ಇರುತ್ತದೆ. ನನಗಿಲ್ಲ. ಟ್ರ್ಯಾಕ್ಟರಿನ ಎಣ್ಣೆ ದಪ್ಪ ರಬ್ಬರ್ ಹೋಸಿನಲ್ಲಿ ಹರಿದು ನನ್ನೊಳಗೆ ಬಂದರೆ ಮಾತ್ರ ನಾನು ಏಳಬಲ್ಲೆ, ಬಾಗಬಲ್ಲೆ. ಬಾರದಿದ್ದರೆ ಬರೀ ಕಬ್ಬಿಣ. ಅದಕ್ಕೇ ಏನೋ, ಹುಟ್ಟಿದಾಗಿನಿಂದ ನನಗೆ ಒಂದೆಡೆ ಸಮಾಧಾನವಾಗಿ ಇದ್ದು ಗೊತ್ತಿಲ್ಲ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ದಾವಲಸಾಬರ ವರ್ಕ್‌ಶಾಪಿನಲ್ಲಿ. ಅತ್ತ ಇತ್ತ ನೇಕಾರರ ಮನೆಗಳು. ಮಗ್ಗದ ಸದ್ದು ಒಂದು ಕಡೆ, ದಾವಲಸಾಬರ ಸುತ್ತಿಗೆ ಸದ್ದು ಇನ್ನೊಂದು ಕಡೆ. ಅವರು ಹಳೆಯ ಲಾರಿಯ ಚಾಸಿ ಕೊಯ್ದು ನನ್ನ ಮೂಳೆ ಮಾಡಿದರು. ಸಿಲಿಂಡರುಗಳನ್ನು ಹುಬ್ಬಳ್ಳಿಯ ಗುಜರಿಯಲ್ಲಿ ಆರಿಸಿ ತಂದು, ಎಣ್ಣೆ ಸೋರದಂತೆ ತಡೆಯುವ ಒಳಗಿನ ರಬ್ಬರ್ ಸೀಲು ಬದಲಿಸಿದರು. ಇಪ್ಪತ್ತಾರು ದಿನ ಹಿಡಿಯಿತು. ಇಪ್ಪತ್ತೇಳನೆಯ ದಿನ ಬೆಳವಣಿಕೊಪ್ಪದ ಗುರುಶಾಂತ ಹೂಗಾರ ತನ್ನ ಟ್ರ್ಯಾಕ್ಟರ್ ತಂದು ನನ್ನ ಮುಂದೆ ನಿಲ್ಲಿಸಿದ. ಅವನಿಗೆ ಮೂರು ಎಕರೆ ಸೇವಂತಿಗೆ ತೋಟ. ಪೈಪು ಹಾಕಲು ಕಾಲುವೆ ತೋಡಬೇಕಿತ್ತು. ಹೆಂಡತಿ ಕಸ್ತೂರವ್ವನೂ ಜೊತೆಗೆ ಬಂದಿದ್ದಳು.

ಅಂದು ನಡೆದ ಜೋಡಣೆಯೇ ನನ್ನ ನಿಜವಾದ ಹುಟ್ಟು. ದಾವಲಸಾಬರು ಎರಡು ಹೋಸುಗಳ ಬಾಯಿಯನ್ನು ಬಟ್ಟೆಯಿಂದ ಮೂರು ಸಲ ಒರೆಸಿದರು. ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ಬಿಳಿ ಬಣ್ಣ ಬಳಿದಿದ್ದರು.

"ಕೆಂಪು, ಎಣ್ಣಿ ಒಳಗ ಬರೋ ದಾರಿ. ಬಿಳಿ, ತಿರುಗಿ ಹೋಗೋ ದಾರಿ. ಅದಲಿಬದಲಿ ಆದ್ರ ಒಳಗಿನ ಸೀಲು ಎಲ್ಲಾ ಕಿತ್ಕೊಂಡ ಹೋಗ್ತಾವ," ಎಂದರು. "ಟಕ್ ಅಂತ ಸಪ್ಪಳ ಬರೂತನಾ ಒತ್ತಬೇಕು. ಮತ್ತ ಒಂದ ಮಾತು ಗುರಣ್ಣಾ. ಎಲ್ಲೆರ ಎಣ್ಣಿ ಸೋರೂದು ಕಂಡ್ರ ಬೆರಳ ಹಚ್ಚಿ ನೋಡಬ್ಯಾಡ. ರಟ್ಟಿನ ತುಂಡು ಹಿಡಿ."

ಗುರುಶಾಂತ ನಕ್ಕ. "ಎಣ್ಣೀಗೆ ಯಾಕಷ್ಟು ಹೆದರ್ತೀರಿ ಚಾಚಾ?"

"ಎಣ್ಣೀಗಲ್ಲೋ, ಅದರ ಹಿಂದಿನ ಒತ್ತಡಕ್ಕ."

ಹೋಸಿನ ಬಾಯಿಯ ಕಪ್ಲರ್ ಟಕ್ ಎಂದು ಕೂತಿತು. ಇಂಜಿನ್ ಶುರುವಾಯಿತು. ಎಣ್ಣೆ ನನ್ನೊಳಗೆ ನುಗ್ಗಿತು, ಅದರ ಜೊತೆಗೆ ಗಾಳಿಯೂ. ನಾನು ಎದ್ದೆ, ಜರ್ಕು ಹೊಡೆದೆ, ಬಾಗಿದೆ, ಮತ್ತೆ ಜಿಗಿದೆ. ಕಸ್ತೂರವ್ವ ಎರಡು ಹೆಜ್ಜೆ ಹಿಂದೆ ಸರಿದು, "ಇದಕ್ಕ ದೆವ್ವ ಬಡದೈತೇನ್ರಿ?" ಎಂದಳು. ಹತ್ತು ಸಲ ಚಾಚಿ ಮಡಿಚಿದ ಮೇಲೆ ಗಾಳಿ ಹೊರಟುಹೋಯಿತು. ಟ್ರ್ಯಾಕ್ಟರಿನ ಟ್ಯಾಂಕಿಗೆ ಕಡಿಮೆಯಾದ ಎಣ್ಣೆ ತುಂಬಿಸಿ ದಾವಲಸಾಬರು ನನ್ನನ್ನು ಕಳಿಸಿಕೊಟ್ಟರು.

ಎಂಟು ತಿಂಗಳು ನಾನು ಎರೆಮಣ್ಣು ಬಗೆದೆ. ಒಣಗಿದಾಗ ಅದು ಕಲ್ಲು, ಹಸಿಯಾದಾಗ ಅಂಟು. ನನಗೆ ಎರಡೂ ಇಷ್ಟ. ಸಾಕು ಎಂದು ಇಂಜಿನ್ ಆರಿಸಿದರೆ ಮಾತ್ರ ಚಡಪಡಿಕೆ ಶುರುವಾಗುತ್ತಿತ್ತು.

ದಸರೆಗೆ ಹತ್ತು ದಿನ ಇತ್ತು. ಸೇವಂತಿಗೆ ಮೊಗ್ಗು ಬಿಟ್ಟಿತ್ತು, ಮಳೆ ಕೈಕೊಟ್ಟಿತ್ತು, ಕೆರೆಯ ಕಡೆಯಿಂದ ಪೈಪು ಇನ್ನೂ ಅರ್ಧ ದಾರಿಯಲ್ಲಿತ್ತು. ಗುರುಶಾಂತನಿಗೆ ಅವಸರ. ಮಧ್ಯಾಹ್ನದ ಹೊತ್ತಿಗೆ ನನ್ನ ಬಲ ಹಿಂದುಗಡೆಯ ಹೋಸು ಒಂದು ಕಡೆ ಒದ್ದೆಯಾಯಿತು. ಅಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದದ್ದು ನನಗೆ ಗೊತ್ತಿತ್ತು. ಹೇಳಲು ಬಾಯಿಲ್ಲ. ಅವನು ಸೀಟಿನಿಂದ ಇಳಿದ. ಇಂಜಿನ್ ಓಡುತ್ತಲೇ ಇತ್ತು. ಎಲ್ಲಿ ಸೋರುತ್ತಿದೆ ಎಂದು ಬಲಗೈ ಬೆರಳುಗಳನ್ನು ಹೋಸಿನ ಮೇಲೆ ಸವರುತ್ತ ಬಂದ.

"ಹಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡ.

"ಏನಾತ್ರಿ?" ಎಂದು ಕಸ್ತೂರವ್ವ ಓಡಿಬಂದಳು.

"ಏನಿಲ್ಲ. ಇರುವಿ ಕಡದಂಗಾತು."

ನೋಡಿದರೆ ಬೆರಳಲ್ಲಿ ಒಂದು ಬಿಳಿ ಚುಕ್ಕೆ, ಅಷ್ಟೇ. ರಕ್ತವೂ ಇಲ್ಲ. ಅವನು ಮತ್ತೆ ಕೆಲಸಕ್ಕೆ ಕೂತ. ಸಂಜೆಯಷ್ಟರಲ್ಲಿ ಬೆರಳು ಬದನೆಕಾಯಿಯಂತಾಗಿತ್ತು. ಊರಲ್ಲಿ ಔಷಧ ಕೊಡುವವನು ಮುಲಾಮು ಹಚ್ಚಿ ಕಳಿಸಿದ. ಕಸ್ತೂರವ್ವನಿಗೆ ಮನಸ್ಸು ನಿಲ್ಲಲಿಲ್ಲ. ನನ್ನ ಪಕ್ಕದಲ್ಲೇ ನಿಂತು ದಾವಲಸಾಬರಿಗೆ ಫೋನ್ ಮಾಡಿದಳು. ಅವರ ಗಾಬರಿಯ ದನಿ ನನಗೂ ಕೇಳಿಸಿತು.

"ಈಗಿಂದೀಗ ಹುಬ್ಬಳ್ಳಿಗೆ ಹೊರಡವ್ವಾ. ನಾಳೆ ಅಂದ್ರ ಕೈನ ಹೋಗ್ತೈತಿ. ಡಾಕ್ಟರಿಗೆ ಗಾಯ ಆಗೇತಿ ಅನಬ್ಯಾಡ. ಮಷಿನ್ ಎಣ್ಣಿ ಒಳಗ ಹೊಕ್ಕೈತಿ ಅಂತ ಹೇಳು."

ಹನ್ನೆರಡು ದಿನದ ಮೇಲೆ ಅವರು ತಿರುಗಿ ಬಂದರು. ಕೈ ಉಳಿದಿತ್ತು. ಎರಡು ಬೆರಳು ಇರಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರವ್ವ ಒಬ್ಬಳೇ ನನ್ನ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಬೆರಳ ತಿಂದ ಮುಂಡೇದು," ಎಂದು ಬಕೆಟ್ಟಿಗೆ ಕಾಲಿನಿಂದ ಒದ್ದಳು. ನೋವಾದದ್ದು ಆಕೆಗೇ. ಮಂದಿ ಸೇರಿ ನನ್ನನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ಮನೆಯ ಹಿಂದಿನ ಬೇವಿನ ಮರದಡಿ ಇಟ್ಟರು. ಅಷ್ಟು ಸಿಟ್ಟಿದ್ದರೂ ಆಕೆ ತೂತು ಬಿದ್ದ ಹೋಸನ್ನು ಬದಲಿ ಮಾಡಿಸಿ, ಕೆಂಪು ಬಿಳಿ ಹೋಸುಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದಳು. ದೂಳು ಹೋಗಬಾರದೆಂದು. "ಮುಂದ ಯಾರಿಗೆರ ಮಾರಾಕ ಬರಬೇಕಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು.

ಯಾರೂ ಕೊಳ್ಳಲಿಲ್ಲ. ಬೆರಳು ಹೋದ ಸುದ್ದಿ ಹತ್ತೂರು ಮುಟ್ಟಿತ್ತು. ಎರಡು ವರ್ಷ ನಾನು ಅಲ್ಲೇ ಕೂತೆ. ಹೊತ್ತೇರಿದಂತೆ ಒಳಗೆ ಉಳಿದ ಎಣ್ಣೆ ಕಾದು ಹಿಗ್ಗುತ್ತಿತ್ತು. ಹೊರಗೆ ಹೋಗಲು ದಾರಿಯಿಲ್ಲ. ಸಂಜೆ ತಣಿಯುತ್ತಿತ್ತು, ಮರುದಿನ ಮತ್ತೆ ಅದೇ. ಬಕೆಟ್ಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತು. ಗುರುಶಾಂತ ನನ್ನ ಮುಂದೆ ಹಾಯುವಾಗ ಬಲಗೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಳ್ಳುತ್ತಿದ್ದ. ಅವನು ನನ್ನನ್ನು ಬೈದಿದ್ದರೆ ವಾಸಿಯಿತ್ತು.

ಶಿವರಾತ್ರಿ ಆಗಿ ವಾರವಾಗಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಓಣಿಯ ಕಡೆಯಿಂದ ಕೂಗು ಕೇಳಿಸಿತು. ಚರಂಡಿಗೆಂದು ಯಮನೂರಪ್ಪ ಎಂಬ ಕೂಲಿಯವನು ಆಳುದ್ದ ಗುಂಡಿ ತೋಡುತ್ತಿದ್ದ. ಬದಿ ಕುಸಿದು ಎದೆಯವರೆಗೆ ಹೂತುಹೋಗಿದ್ದ. ಅವನ ತಲೆಯ ಮೇಲೆಯೇ ಹಳೆಯ ಮನೆಯೊಂದರ ಮಣ್ಣಿನ ಗೋಡೆ ಬುಡ ಸಡಿಲಾಗಿ ವಾಲಿತ್ತು. ಗುಂಡಿಗೆ ಇಳಿದು ಮಣ್ಣು ತೆಗೆಯಲು ಹೋದರೆ ಗೋಡೆ ಎಲ್ಲರ ಮೇಲೂ ಬರುವಂತಿತ್ತು. ರಸ್ತೆ ಕೆಲಸದ ದೊಡ್ಡ ಯಂತ್ರ ಓಣಿಯಲ್ಲಿ ಹಿಡಿಸದೆ ಹಿಂದೆ ಸರಿಯಿತು.

ಗುರುಶಾಂತ ಓಡುತ್ತ ಹಿತ್ತಲಿಗೆ ಬಂದ. "ಕಸ್ತೂರಿ, ನಮ್ಮ ಟ್ರ್ಯಾಕ್ಟರ್ ಆ ಓಣ್ಯಾಗ ಹೊಕ್ಕತೈತಿ. ಈ ತೋಳಿಂದ ಗ್ವಾಡಿ ಹಿಡದ ನಿಲ್ಲಿಸಬೇಕು. ಜೋಡಸೋಣು ಬಾ."

ಆಕೆ ನನ್ನತ್ತ ಬೆರಳು ಮಾಡಿದಳು. "ಇದನ್ನ? ಮತ್ತ?"

"ನನ್ನ ಕೈಲೆ ಕಪ್ಲರ್ ಜಗ್ಗಾಕ ಆಗಂಗಿಲ್ಲ. ನೀನ ಮಾಡಬೇಕು."

ಆಕೆ ಸೆರಗು ಸಿಕ್ಕಿಸಿಕೊಂಡಳು. ನಾಲ್ಕು ಜನ ಎತ್ತಿ ಹಿಡಿದು ನನ್ನನ್ನು ಟ್ರ್ಯಾಕ್ಟರಿಗೆ ಪಿನ್ನು ಹಾಕಿ ಕೂಡಿಸಿದರು. ಬಿಳಿ ಹೋಸು ಕೂತಿತು. ಕೆಂಪು ಕೂರಲಿಲ್ಲ. ಬಿಸಿಲಿಗೆ ಕಾದ ಎಣ್ಣೆ ಒಳಗಿನಿಂದ ತಳ್ಳುತ್ತಿತ್ತು. ಆಕೆ ಎಷ್ಟು ಒತ್ತಿದರೂ ನಾನು ಅಷ್ಟೇ ಒತ್ತಿ ದೂಡುತ್ತಿದ್ದೆ. ಬೇಕೆಂದು ಮಾಡಲಿಲ್ಲ. ಒಳಗೆ ಬಾ ಎಂದು ಹಂಬಲಿಸುತ್ತಲೇ ಬಾಗಿಲು ತೆರೆಯಲಾಗದವರಂತೆ ಆಗಿತ್ತು ನನ್ನ ಗತಿ.

"ಹಿಂದಿನ ನಟ್ಟು ಸಡ್ಲ ಮಾಡು. ಬಟ್ಟಿ ಸುತ್ತು. ಮಾರಿ ಆ ಕಡೆ ಮಾಡು," ಎಂದ ಗುರುಶಾಂತ. 

ಆಕೆ ದಪ್ಪ ಗೋಣಿಚೀಲ ಸುತ್ತಿ, ನಟ್ಟಿಗೆ ಪಾನಾ ಹಾಕಿ, ಕಾಲು ಸುತ್ತು ತಿರುಗಿಸಿದಳು. ಎಣ್ಣೆ ಬುಸ್ ಎಂದು ಗೋಣಿಯೊಳಗೆ ಇಳಿಯಿತು. ಎರಡು ವರ್ಷದ ಬಿಗಿತ ಹೋಯಿತು. ನಟ್ಟು ಬಿಗಿದು, ಒರೆಸಿ, ಒತ್ತಿದಳು. ಟಕ್.

ಗುರುಶಾಂತ ಇಂಜಿನ್ ಶುರುಮಾಡಿದ, ಕಸ್ತೂರವ್ವ ನನ್ನ ಸೀಟು ಹತ್ತಿ ಅವನು ತೋರಿಸಿದ ಲಿವರ್ ಹಿಡಿದಳು. ಜನ ಹೊರಡಿ ಹೊರಡಿ ಎಂದು ಕೂಗುತ್ತಿದ್ದರು. ಗುರುಶಾಂತ ಕೇಳಲಿಲ್ಲ.

"ಒಳಗ ಗಾಳಿ ಐತಿ. ಅಲ್ಲಿ ಹೋಗಿ ಇದು ಜಿಗದು ಗ್ವಾಡಿಗೆ ಬಡದ್ರ, ನಾವ ಅವನ್ನ ಹುಗದಂಗ. ಕಸ್ತೂರಿ, ಇಲ್ಲೇ ಚಾಚು, ಮಡಚು. ಮತ್ತ ಚಾಚು."

ಹಿತ್ತಲಲ್ಲೇ ಹತ್ತು ಸಲ. ಅಷ್ಟು ಉದ್ದದ ಹತ್ತು ಸಲ ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು ಅವನು ಟ್ರ್ಯಾಕ್ಟರನ್ನು ಓಣಿಯೊಳಗೆ ಹಿಂದಕ್ಕೆ ನಡೆಸಿದ. ಕಸ್ತೂರವ್ವ ನನ್ನ ಸೀಟಿನಲ್ಲಿ. ಯಾರೋ ಮನೆಯ ಬಾಗಿಲು ಕಿತ್ತು ತಂದು ಗೋಡೆಗೆ ಆನಿಸಿದರು. ನನ್ನ ಕಾಲುಗಳು ನೆಲಕ್ಕೆ ಊರಿದವು. ಬಕೆಟ್ಟಿನ ಬೆನ್ನು ಮೆಲ್ಲಗೆ ಹೋಗಿ ಬಾಗಿಲಿಗೆ ಒರಗಿತು. ಗೋಡೆಯ ಭಾರ ನನ್ನ ಮೇಲೆ ಬಂತು.

ಮೂವರು ಗುಂಡಿಗೆ ಇಳಿದು ಬುಟ್ಟಿ, ಬೋಗುಣಿಗಳಲ್ಲಿ ಮಣ್ಣು ತೆಗೆಯತೊಡಗಿದರು. ನನ್ನ ಮುಂದೆಯೇ ಮಣ್ಣು. ಹಲ್ಲು ತುರಿಸುತ್ತಿತ್ತು. ಆದರೆ ನಾನು ಅಗೆಯುವಂತಿಲ್ಲ, ಕದಲುವಂತಿಲ್ಲ. ಕದಲದೆ ಇರುವುದೂ ನನ್ನ ಕೈಯಲ್ಲಿರಲಿಲ್ಲ. ಒಣಗಿದ ಸೀಲುಗಳ ಸಂದಿನಲ್ಲಿ ಎಣ್ಣೆ ಜಾರುತ್ತಿತ್ತು. ತೋಳು ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು, ಗೋಡೆ ಅಷ್ಟೇ ಮುಂದೆ ಬರುತ್ತಿತ್ತು. ಕಸ್ತೂರವ್ವ ಬಾಗಿಲಿನ ಅಂಚಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಸರಿದಾಗಲೆಲ್ಲ ಲಿವರನ್ನು ಒಂದಿಷ್ಟು ಒತ್ತಿ ಬಿಡುತ್ತಿದ್ದಳು.

"ಕಾಲ ಅದಾವೋ ಇಲ್ಲೋ ಗೊತ್ತಾಗವಲ್ದು, ಅಕ್ಕಾ," ಎಂದ ಯಮನೂರಪ್ಪ.

"ಅದಾವ. ನನಗ ಕಾಣಸ್ತಾವ," ಎಂದಳು. ಕಾಣಿಸುತ್ತಿರಲಿಲ್ಲ.

ಅಷ್ಟರಲ್ಲಿ ಕಪ್ಲರಿನ ಹತ್ತಿರ ಒದ್ದೆಯಾದದ್ದು ಕಂಡು ಒಬ್ಬ ಕೈ ಚಾಚಿದ.

"ಮುಟ್ಟಬ್ಯಾಡ!" ಎಂದು ಗುರುಶಾಂತ ಚೀರಿದ. ಟವೆಲ್ಲು ಕಿತ್ತೆಸೆದು ಬಲಗೈಯನ್ನು ಎಲ್ಲರ ಮುಂದೆ ಎತ್ತಿ ಹಿಡಿದ. "ಇದನ್ನ ನೋಡು. ಹಿಂಗ ಆಕ್ಕೈತಿ."

ಎರಡು ವರ್ಷದಲ್ಲಿ ಆ ಕೈ ಬಿಸಿಲು ಕಂಡದ್ದು ಅದೇ ಮೊದಲು. ಚಾಚಿದವನು ಕೈ ಹಿಂದಕ್ಕೆ ಎಳೆದುಕೊಂಡ. ಅವನು ಒಂದು ರಟ್ಟು ಹರಿದು ಅಡ್ಡ ಹಿಡಿದು ನೋಡಿದ. ಬರೀ ಬೆವರುವಿಕೆ, ಚಿಮ್ಮುತ್ತಿಲ್ಲ. "ನಡೀತೈತಿ. ನೀ ಹಿಡಿ ಕಸ್ತೂರಿ," ಎಂದ.

ಒಂದು ಗಂಟೆಯ ಮೇಲೆ ಯಮನೂರಪ್ಪನನ್ನು ಎತ್ತಿ ತೆಗೆದರು. ಒಂದು ಕಾಲು ಮುರಿದಿತ್ತು. ಎರಡೂ ಇದ್ದವು. ಅವನನ್ನು ಹೊರಸಿನ ಮೇಲೆ ಹೊತ್ತುಕೊಂಡು ಹೋದರು. ಓಣಿ ಖಾಲಿಯಾಯಿತು. ಕಸ್ತೂರವ್ವ ಮಾತ್ರ ಲಿವರ್ ಹಿಡಿದೇ ಕೂತಿದ್ದಳು.

"ಬಿಡು, ಆತು," ಎಂದ ಗುರುಶಾಂತ.

"ಬಿಟ್ರ ಬೀಳ್ತೈತ್ರಿ."

"ಬೀಳಲಿ. ಈಗ ಯಾರೂ ಇಲ್ಲ."

ಅವನು ಹತ್ತಿರ ಬಂದು, ಆಕೆಯ ಬೆರಳುಗಳನ್ನು ಒಂದೊಂದಾಗಿ ಲಿವರಿನಿಂದ ಬಿಡಿಸಿದ. ಟ್ರ್ಯಾಕ್ಟರ್ ಮುಂದೆ ಸರಿಯಿತು. ಗೋಡೆ ಗುಂಡಿಯೊಳಗೆ ಕುಸಿದು ಓಣಿ ತುಂಬ ಕೆಂಪು ದೂಳು ಎದ್ದಿತು. ಆ ದೂಳಿನಲ್ಲಿ ಆಕೆ ನನ್ನ ಸೀಟಿನ ಮೇಲೆಯೇ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ನನ್ನನ್ನು ಮಾರುವ ಮಾತು ಬರಲಿಲ್ಲ. ಎಲ್ಲ ಹೋಸುಗಳನ್ನೂ ಸೀಲುಗಳನ್ನೂ ಬದಲಿಸಿದರು. ಗುರುಶಾಂತ ತೋಟ ನೋಡಿಕೊಂಡ. ನನ್ನ ಸೀಟಿಗೆ ಕಸ್ತೂರವ್ವ ಬಂದಳು. ಸುತ್ತಲಿನ ಊರುಗಳಲ್ಲಿ ಪಾಯ ತೋಡಿದೆವು, ಪೈಪಿನ ಕಾಲುವೆ ತೋಡಿದೆವು, ಬೇಸಿಗೆಯಲ್ಲಿ ಗುದ್ದಲಿ ಇಳಿಯದ ನೆಲದಲ್ಲಿ ಸತ್ತವರಿಗೆ ಕುಣಿಯನ್ನೂ ತೋಡಿದೆವು. ಆಕೆ ನನ್ನನ್ನು ಬೈಯುವುದನ್ನು ಬಿಡಲಿಲ್ಲ. ಆದರೆ ಬೆರಳು ತಿಂದೆ ಎಂಬ ಆ ಹಳೆಯ ಬೈಗುಳವನ್ನು ಮತ್ತೆ ಆಡಲಿಲ್ಲ.

ಹೀಗೆ ಹನ್ನೊಂದು ವರ್ಷ. ಕೀಲುಗಳು ಸವೆದವು, ಬುಡದ ತಗಡು ಸೀಳಿತು. ಕಳೆದ ವರ್ಷ ಮನೆಗೆ ಹೊಸ ಟ್ರ್ಯಾಕ್ಟರ್ ಬಂತು, ಅದಕ್ಕೆ ತಕ್ಕ ಹೊಸ ತೋಳೂ ಬಂತು. ನಾನೀಗ ಅಂಗಳದ ಕಾಂಪೌಂಡಿಗೆ ಒರಗಿದ್ದೇನೆ. ದೊಡ್ಡ ಸಿಲಿಂಡರನ್ನು ಮುಂಡರಗಿಯವರು ಒಯ್ದರು. ಬಕೆಟ್ಟಿನ ಹಲ್ಲುಗಳು ಹೊಸ ತೋಳಿಗೆ ಹೋದವು. ನನ್ನ ಒಂದು ಭಾಗ ಎಲ್ಲೋ ಈಗಲೂ ಮಣ್ಣು ಬಗೆಯುತ್ತಿದೆ, ಇನ್ನೊಂದು ಭಾಗ ಇಲ್ಲಿ ಕೂತಿದೆ. ಯಾವುದನ್ನು ನಾನು ಎನ್ನಲಿ ಎಂದು ಹಗಲೆಲ್ಲ ಯೋಚಿಸುತ್ತೇನೆ. 

ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ನೆಲ ಅದುರುತ್ತದೆ. ಪಿನ್ನಿಲ್ಲದ ನನ್ನ ಕೀಲುಗಳು ಒಂದಕ್ಕೊಂದು ಉಜ್ಜಿ ಕಿರ್ರ್ ಎನ್ನುತ್ತವೆ. ಪಡಸಾಲೆಯಲ್ಲಿ ಹೂ ಕಟ್ಟುತ್ತ ಕೂತ ಕಸ್ತೂರವ್ವ ತಲೆ ಎತ್ತದೆ ಕೂಗುತ್ತಾಳೆ:

"ಸುಮ್ನಿರ ಒಂದೀಟು."

ಸುಮ್ಮನಾಗುತ್ತೇನೆ. ಮುಂದಿನ ಟ್ರ್ಯಾಕ್ಟರ್ ಬರುವವರೆಗೆ.